ಋಷಿಮೂಲ, ನದೀಮೂಲ, ವಾಲ್ವ್‌ಮೂಲ

ಋಷಿಮೂಲ, ನದೀಮೂಲ ಹುಡುಕಬಾರದು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಹುಡುಕಿಕೊಂಡು ಹೊರಟವನಿಗೆ ಕೊನೆಗೆ ಸಿಗುವುದು ಪೊದೆಯೊಳಗಿನ ಒಂದು ಒದ್ದೆ ಕಲ್ಲು, ಇಲ್ಲವೇ ನಾಲ್ಕು ಜನರೆದುರು ಹೇಳಲಾಗದ ಒಂದು ಕಥೆ. ಆ ಪಟ್ಟಿಗೆ ವಾಲ್ವ್‌ಮೂಲವನ್ನೂ ಸೇರಿಸಬೇಕೆಂಬುದು ನನ್ನ ಸೂಚನೆ. ಆದರೆ ಬೇಡ ಎಂದದ್ದನ್ನೇ ಮಾಡುವವರು ನಾವು, ವಾಲ್ವ್ ಆಂಪ್ಲಿಫೈಯರಿನ ಹುಚ್ಚು ಹತ್ತಿಸಿಕೊಂಡವರು. ನಮ್ಮಲ್ಲಿ ಇಬ್ಬರು ಒಂದೆಡೆ ಸೇರಿದರೆ ಹಾಡಿನ ಮಾತು ಬರುವುದು ಎರಡನೇ ಲೋಟ ಕಾಫಿ ಮುಗಿದ ಮೇಲೆ. ಅಲ್ಲಿಯವರೆಗೆ ನಡೆಯುವುದೆಲ್ಲ ಗೋತ್ರವಿಚಾರಣೆ. ಯಾವ ದೇಶದ್ದು, ಯಾರು ಮಾಡಿದ್ದು, ಯಾವ ಇಸವಿಯದು, ಒಳಗಿನ ವಾಲ್ವ್ ಅಸಲಿಯೋ ಬದಲಾಯಿಸಿದ್ದೋ. ಭೀಮಸೇನ ಜೋಶಿಯವರು ಪಾಪ, ಟರ್ನ್‌ಟೇಬಲ್ಲಿನ ಮೇಲೆ ಕಾಯುತ್ತ ಕೂತಿರುತ್ತಾರೆ.

ಹೊಸ ತಲೆಮಾರಿನವರಿಗಾಗಿ ಎರಡು ಮಾತು. ಅಜ್ಜನ ಮನೆಯ ಮರ್ಫಿ ರೇಡಿಯೊ ಕಿವಿ ತಿರುಪಿದ ಕೂಡಲೇ ಹಾಡುತ್ತಿರಲಿಲ್ಲ. ಹಿಂಬದಿಯ ರಟ್ಟಿನ ತೂತುಗಳಲ್ಲಿ ಇಣುಕಿದರೆ ಒಳಗೆ ಗಾಜಿನ ಬುರುಡೆಗಳು ಮೆಲ್ಲಗೆ ಕಿತ್ತಳೆ ಬಣ್ಣಕ್ಕೆ ತಿರುಗುವುದು ಕಾಣುತ್ತಿತ್ತು. ಅವು ಕಾದು ಹದಕ್ಕೆ ಬಂದ ಮೇಲೆಯೇ ವಾರ್ತೆ, ಅಭಂಗ, ಚಿತ್ರಗೀತೆ. ಆ ಬುರುಡೆಗಳೇ ವಾಲ್ವ್‌ಗಳು. ಟ್ರಾನ್ಸಿಸ್ಟರ್ ಬಂದು ರೇಡಿಯೊವನ್ನು ಜೇಬಿಗೆ ಇಳಿಸಿದ ಮೇಲೆ ಅವುಗಳ ಕಥೆ ಮುಗಿಯಿತು ಎಂದು ಎಲ್ಲರೂ ತಿಳಿದರು. ಮುಗಿಯಲಿಲ್ಲ. ಸಂಗೀತ ಕೇಳುವ ಆಂಪ್ಲಿಫೈಯರುಗಳಲ್ಲಿ ಅವು ಇಂದಿಗೂ ಉರಿಯುತ್ತಿವೆ, ಕೆಲವು ಸಾವಿರ ರೂಪಾಯಿಯ ಸೆಟ್ಟಿನಿಂದ ಹಿಡಿದು ಕಾರಿನ ಬೆಲೆಯ ಸೆಟ್ಟಿನವರೆಗೆ. ಅವುಗಳ ನಾದ ಮೇಲೋ ಅಲ್ಲವೋ ಎಂಬ ಜಗಳಕ್ಕೆ ನಾನಿಲ್ಲಿ ಕೈಹಾಕುವುದಿಲ್ಲ. ಅದು ದ್ವೈತ-ಅದ್ವೈತದ ವಾದದ ಹಾಗೆ. ಗೆದ್ದವರು ಯಾರೂ ಇಲ್ಲ, ಸೋತೆನೆಂದು ಒಪ್ಪಿದವರೂ ಇಲ್ಲ. ನನಗಿರುವುದು ಅದಕ್ಕಿಂತ ಲೌಕಿಕವಾದ ಪ್ರಶ್ನೆ. ಮುಂಭಾಗದ ತಗಡಿನ ಮೇಲೆ ಬರೆದಿರುವ ಹೆಸರನ್ನು ಎಷ್ಟು ನಂಬಬಹುದು?

ಮಲ್ಲಾರ್ಡ್‌ನಿಂದಲೇ ಶುರುಮಾಡೋಣ. ನಮ್ಮ ವಲಯದಲ್ಲಿ ಆ ಹೆಸರನ್ನು ದನಿ ತಗ್ಗಿಸಿ ಹೇಳುವುದು ವಾಡಿಕೆ. ಸ್ಟ್ಯಾನ್ಲಿ ಮಲ್ಲಾರ್ಡ್ ಎಂಬ ಇಂಗ್ಲಿಷ್ ಗೃಹಸ್ಥರು 1920ರಲ್ಲಿ ಕಟ್ಟಿದ ಕಂಪನಿ ಅದು. ಹತ್ತು ವರ್ಷ ತುಂಬುವ ಮೊದಲೇ ಹಾಲೆಂಡಿನ ಫಿಲಿಪ್ಸ್ ಅದನ್ನು ಪೂರ್ತಿ ಕೊಂಡುಕೊಂಡಿತು. ಅಂದರೆ ನಾವು ಇಂಗ್ಲಿಷ್ ನಾದ, ಇಂಗ್ಲಿಷ್ ನಾದ ಎಂದು ಕಣ್ಣು ಮುಚ್ಚಿ ತಲೆದೂಗುವ ಆ ವಾಲ್ವ್‌ಗಳ ಉಚ್ಛ್ರಾಯ ಕಾಲದಲ್ಲಿ ಅದರ ಯಜಮಾನ ಡಚ್ಚರು. ಕಾರ್ಖಾನೆ ಮಾತ್ರ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನಲ್ಲಿತ್ತು. ಅದೂ ವಾಲ್ವ್ ಮಾಡುವುದನ್ನು ನಿಲ್ಲಿಸಿ ಕೆಲವು ದಶಕಗಳೇ ಆದವು. ಹಾಗಾದರೆ ಇವತ್ತು ಹೊಸ ಡಬ್ಬಿಯಲ್ಲಿ ಬರುವ ಹೊಸ ಮಲ್ಲಾರ್ಡ್ ಎಲ್ಲಿಯದು? ಹೆಸರಿನ ಹಕ್ಕು ನ್ಯೂಯಾರ್ಕಿನ ನ್ಯೂ ಸೆನ್ಸರ್ ಎಂಬ ಕಂಪನಿಯ ಕೈಯಲ್ಲಿದೆ. ಗಿಟಾರ್ ಪೆಡಲ್‌ಗಳಿಗೆ ಹೆಸರಾದ ಇಲೆಕ್ಟ್ರೊ-ಹಾರ್ಮೊನಿಕ್ಸ್‌ನ ಮೈಕ್ ಮ್ಯಾಥ್ಯೂಸ್ ಅದರ ಒಡೆಯರು. ವಾಲ್ವ್ ತಯಾರಾಗುವುದು ರಷ್ಯಾದಲ್ಲಿ, ವೋಲ್ಗಾ ನದಿಯ ದಂಡೆಯ ಸರಾತೋವ್ ಎಂಬ ಊರಿನಲ್ಲಿ. ಅದೇ ಕಾರ್ಖಾನೆಯಿಂದ ಟಂಗ್-ಸೋಲ್ ಬರುತ್ತದೆ. ಮೂಲದಲ್ಲಿ ಅದು ಅಮೆರಿಕದ ನ್ಯೂಜೆರ್ಸಿಯ ಹೆಸರು. ಜೆನಲೆಕ್ಸ್ ಗೋಲ್ಡ್ ಲಯನ್ ಬರುತ್ತದೆ. ಅದು ಲಂಡನ್ನಿನ ಹೆಸರು. ಸೋವ್‌ಟೆಕ್ ಬರುತ್ತದೆ, ಇಲೆಕ್ಟ್ರೊ-ಹಾರ್ಮೊನಿಕ್ಸ್ ಬರುತ್ತದೆ.

ಈ ಸಂಬಂಧ ಗೊತ್ತಿಲ್ಲದವರಿಗೆ 2022ರ ಮಾರ್ಚ್ ತಿಂಗಳು ಪಾಠ ಹೇಳಿತು. ಯುಕ್ರೇನ್ ಯುದ್ಧ ಶುರುವಾಗಿ ರಷ್ಯಾ ರಫ್ತಿನ ಮೇಲೆ ನಿರ್ಬಂಧ ಹೇರಿದಾಗ, ಇಂಗ್ಲಿಷ್ ಹೆಸರಿನ, ಅಮೆರಿಕನ್ ಹೆಸರಿನ, ರಷ್ಯನ್ ಹೆಸರಿನ ವಾಲ್ವ್‌ಗಳಿಗೆಲ್ಲ ಒಂದೇ ಸಲ ಬರ ಬಂತು. ಅಂಗಡಿಗಳಲ್ಲಿ ದಾಸ್ತಾನು ಕರಗಿತು, ಬೆಲೆ ಏರಿತು. ಬೇರೆ ಬೇರೆ ಮನೆತನ ಎಂದುಕೊಂಡವರೆಲ್ಲ ಒಂದೇ ಸೂತಕ ಆಚರಿಸಿದ್ದನ್ನು ಕಂಡು ಎಷ್ಟೋ ಜನರಿಗೆ ಆಗ ಜ್ಞಾನೋದಯವಾಯಿತು. ಸರಬರಾಜು ಆಮೇಲೆ ಮತ್ತೆ ಶುರುವಾಯಿತೆನ್ನಿ.

ಇದರಲ್ಲಿ ಮೋಸ ಏನೂ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸರಾತೋವ್‌ನ ವಾಲ್ವ್‌ಗಳು ಕೆಲಸಕ್ಕೆ ಬರುತ್ತವೆ, ಬಾಳಿಕೆಯೂ ಬರುತ್ತವೆ. ಒಂದು ಹೆಸರಿಗೂ ಇನ್ನೊಂದಕ್ಕೂ ಒಳಗಿನ ರಚನೆಯಲ್ಲಿ ವ್ಯತ್ಯಾಸವನ್ನೂ ಮಾಡುತ್ತಾರೆ. ನನ್ನ ತಕರಾರು ಕೊಳ್ಳುವವನ ಮೇಲೆ. 'ರಷ್ಯಾದ್ದು ಬೇಡಪ್ಪ, ಒರಟು. ನನಗೆ ಮಲ್ಲಾರ್ಡೇ ಬೇಕು' ಎಂದು ಹೆಚ್ಚು ದುಡ್ಡು ಕೊಟ್ಟು ರಷ್ಯಾದ್ದನ್ನೇ ಮನೆಗೆ ತಂದು, 'ನೋಡಿ, ಇಂಗ್ಲಿಷ್ ಮಾಧುರ್ಯ ಅಂದರೆ ಇದು' ಎನ್ನುತ್ತಾನಲ್ಲ, ಅವನ ಮೇಲೆ.

ಸ್ವೆಟ್ಲಾನಾ ಕಥೆ ಇದಕ್ಕಿಂತ ಸ್ವಾರಸ್ಯ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಆ ಹೆಸರಿನ ಹಳೆಯ ಕಾರ್ಖಾನೆ ಇದೆ. ಆದರೆ ಅಮೆರಿಕದ ಮಾರುಕಟ್ಟೆಯಲ್ಲಿ ಆ ಹೆಸರನ್ನು ಬಳಸುವ ಹಕ್ಕು ನ್ಯೂ ಸೆನ್ಸರ್ ಪಾಲಾಯಿತು. ಹೀಗಾಗಿ ಸ್ವೆಟ್ಲಾನಾ ಎಂದು ಬರೆದ ವಾಲ್ವ್ ಸರಾತೋವ್‌ನದು. ನಿಜವಾಗಿ ಸ್ವೆಟ್ಲಾನಾ ಕಾರ್ಖಾನೆಯಲ್ಲೇ ಹುಟ್ಟಿದ ವಾಲ್ವ್ ತನ್ನ ಹೆಸರನ್ನು ಹೇಳಿಕೊಳ್ಳಲಾಗದೆ, ರೆಕ್ಕೆ ಬಿಡಿಸಿದ ಸಿ ಅಕ್ಷರದ ಗುರುತು ಹಾಕಿಕೊಂಡು ಪೇಟೆಗೆ ಬಂತು. ಹೆಸರಿದ್ದದ್ದಕ್ಕೆ ಊರಿಲ್ಲ, ಊರಿದ್ದದ್ದಕ್ಕೆ ಹೆಸರಿಲ್ಲ.

ಇದಕ್ಕೆ ನೇರ ವಿರುದ್ಧದ ಸಂಸಾರವೂ ಉಂಟು. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಎಂಬ ಊರಿನಲ್ಲಿ ಮೆಕಿಂಟಾಶ್ ಕಂಪನಿ 50ರ ದಶಕದಿಂದ ಇದೆ (ಕಂಪ್ಯೂಟರಿನ ಮೆಕಿಂಟಾಶ್ ಬೇರೆ, ಅವರಿಬ್ಬರಿಗೂ ಹೆಸರಿನ ವ್ಯಾಜ್ಯ ಆಗಿಹೋಗಿದೆ). ಅವರ ಎಂಸಿ275 ಎಂಬ ವಾಲ್ವ್ ಆಂಪ್ಲಿಫೈಯರ್ 1961ರಲ್ಲಿ ಬಂತು. ಕಂಪನಿಯನ್ನು 1990ರಲ್ಲಿ ಜಪಾನಿನ ಕ್ಲಾರಿಯನ್ ಕೊಂಡಿತು, 2003ರಲ್ಲಿ ಡಿ ಆಂಡ್ ಎಂ ಎಂಬ ಇನ್ನೊಂದು ಜಪಾನಿ ಸಂಸ್ಥೆಗೆ ಹೋಯಿತು, 2012ರಲ್ಲಿ ಇಟಲಿಯವರ ಕೈಸೇರಿತು, 2024ರಲ್ಲಿ ಬೋಸ್ ಕಂಪನಿ ತನ್ನದು ಮಾಡಿಕೊಂಡಿತು. ಒಡೆಯರು ಇಷ್ಟು ಸಲ ಬದಲಾದರೂ ಬೆಸುಗೆ ಹಾಕುವ ಮೇಜು ಮಾತ್ರ ಬಿಂಗ್‌ಹ್ಯಾಮ್ಟನ್ ಬಿಟ್ಟು ಕದಲಲಿಲ್ಲ. ಎಂಸಿ275 ನಡುವೆ ನಿಂತು 1993ರಲ್ಲಿ ಮತ್ತೆ ಹುಟ್ಟಿತು. ಹಳೆಯದನ್ನು ಇಟ್ಟುಕೊಂಡವರಿಗೆ ಭಾಗಗಳು ಸಿಗುತ್ತವೆ, ನಕ್ಷೆ ಸಿಗುತ್ತದೆ. ಇದು ಯಾವ ದೇಶದ ಕಂಪನಿ ಎಂದು ಷೇರುಪತ್ರ ನೋಡಿ ಹೇಳಹೊರಟರೆ ಉತ್ತರ ಆಗಾಗ ತಪ್ಪುತ್ತದೆ; ತಳಕ್ಕೆ ಸ್ಕ್ರೂ ಬಿಗಿಯುವ ಕೈ ನೋಡಿ ಹೇಳಿದರೆ ಒಂದೇ ಉತ್ತರ.

ಮೂರನೆಯ ಬಗೆ ಲೀಕ್‌ನದು. ಹೆರಾಲ್ಡ್ ಲೀಕ್ ಲಂಡನ್ನಿನಲ್ಲಿ 1934ರಲ್ಲಿ ಶುರುಮಾಡಿದ ಕಂಪನಿ. ಯುದ್ಧ ಮುಗಿಯುವ ಹೊತ್ತಿಗೆ, 1945ರಲ್ಲಿ, 'ಪಾಯಿಂಟ್ ಒನ್' ಎಂಬ ಆಂಪ್ಲಿಫೈಯರ್ ತಂದು, ಇದರಲ್ಲಿ ನಾದದ ವಿಕೃತಿ ನೂರಕ್ಕೆ 0.1 ಮಾತ್ರ ಎಂದು ಸಾರಿದರು. ಆಗಿನ ಕಾಲಕ್ಕೆ ಅದು ನಂಬಲಾಗದ ಅಂಕಿ. ಅವರು 1969ರಲ್ಲಿ ಕಂಪನಿಯನ್ನು ರ‍್ಯಾಂಕ್ ಸಂಸ್ಥೆಗೆ ಮಾರಿದರು, ಆಮೇಲೆ ಹೆಸರು ಮಲಗಿತು. ಚೀನಾದಲ್ಲಿ ನೆಲೆಯಿರುವ ಐಎಜಿ ಎಂಬ ಸಮೂಹ 2020ರಲ್ಲಿ ಅದನ್ನು ಎಬ್ಬಿಸಿ ಸ್ಟೀರಿಯೊ 130 ಎಂಬ ಸೆಟ್ಟು ತಂದಿತು. ಮರದ ಪೆಟ್ಟಿಗೆ, ಹಳೆಯ ಚಹರೆ, ಚೆಂದದ ಗುಬಟುಗಳು. ಒಳಗೆ ವಾಲ್ವ್ ಮಾತ್ರ ಒಂದೂ ಇಲ್ಲ, ಪೂರ್ತಿ ಟ್ರಾನ್ಸಿಸ್ಟರ್. ಕೇಳಲು ಚೆನ್ನಾಗಿದೆ ಎಂದೇ ಕೇಳಿದವರ ಅಭಿಪ್ರಾಯ. ಲೀಕ್ ಎಂದೊಡನೆ ವಾಲ್ವ್ ನೆನೆದು ಕಣ್ಣು ತೇವ ಮಾಡಿಕೊಳ್ಳುವ ನಮ್ಮಂಥವರಿಗೆ ಅದನ್ನು ಎಲ್ಲಿಡುವುದೆಂದು ತಿಳಿಯದು, ಅಷ್ಟೆ.

ಚೀನಾ ಎಂದಾಗ ಮೂಗು ಮುರಿಯುವವರಿಗೆ ಇಲ್ಲೊಂದು ಮಾತು. ಪ್ರೈಮಾಲೂನಾ ಎಂಬ ಹೆಸರು ಕೇಳಿದರೆ ಇಟಲಿಯ ಯಾವುದೋ ದ್ರಾಕ್ಷಿತೋಟ ನೆನಪಾಗುತ್ತದೆ. ಅದನ್ನು 2003ರ ಸುಮಾರಿಗೆ ಹೊರತಂದವರು ಹಾಲೆಂಡಿನ ಹರ್ಮನ್ ವಾನ್ ಡೆನ್ ಡುಂಗೆನ್, ತಯಾರಾಗುವುದು ಚೀನಾದಲ್ಲಿ. ಅದನ್ನು ಅವರು ಮುಚ್ಚಿಡಲಿಲ್ಲ. ತಂತಿಯಿಂದ ತಂತಿಗೆ ಕೈಯಲ್ಲೇ ಬೆಸೆದ ಜೋಡಣೆ, ವಾಲ್ವ್ ಕೆಟ್ಟರೆ ಸೆಟ್ಟನ್ನು ಕಾಪಾಡುವ ಏರ್ಪಾಡು, ವಾಲ್ವ್‌ನ ಕರೆಂಟಿನ ಹದವನ್ನು, ಅಂದರೆ ಬಯಾಸನ್ನು, ತಾನೇ ಸರಿಹೊಂದಿಸಿಕೊಳ್ಳುವ ಸರ್ಕ್ಯೂಟ್, ಭಾರದ ಟ್ರಾನ್ಸ್‌ಫಾರ್ಮರ್. ಬಾಳಿಕೆಯ ವಿಷಯದಲ್ಲಿ ಅದಕ್ಕಿರುವ ಒಳ್ಳೆಯ ಹೆಸರು ದುಡಿದು ಗಳಿಸಿದ್ದು. ಇನ್ನೊಂದು ಕಡೆ, ಯುರೋಪಿನ ರಾಜಮನೆತನದಂಥ ಹೆಸರು ಹೊತ್ತ, ಯಾವ ಊರಿನದು, ಕಾರ್ಖಾನೆ ಎಲ್ಲಿ, ಕೆಟ್ಟರೆ ಯಾರನ್ನು ಕೇಳಬೇಕು ಎಂದು ಎಲ್ಲೂ ಬರೆಯದ ಸೆಟ್ಟುಗಳೂ ಅದೇ ದೇಶದಿಂದ ಬರುತ್ತವೆ. ಅಂಥದ್ದೊಂದು ನನ್ನಲ್ಲೂ ಇತ್ತು. ಒಂದು ಸಂಜೆ ಅದರ ಪವರ್ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಮಾರಿದವನು ಬದಲಿ ಟ್ರಾನ್ಸ್‌ಫಾರ್ಮರ್ ಇಲ್ಲ, ಬೇಕಾದರೆ ಹೊಸ ಸೆಟ್ಟೇ ತಗೊಳ್ಳಿ, ಡಿಸ್ಕೌಂಟ್ ಕೊಡುತ್ತೇನೆ ಎಂದ. ದೇಶ ಒಂದೇ, ನಡತೆ ಎರಡು. 'ಚೀನಾದ್ದಾ?' ಎಂಬ ಪ್ರಶ್ನೆಯಿಂದ ನಮಗೆ ಸಿಗುವ ತಿಳಿವಳಿಕೆ ಶೂನ್ಯ.

ಹಳೆಯ ವಾಲ್ವ್‌ಗಳಿಗೆ ಬರೋಣ. ಅಲ್ಲಿ ಮೂಲ ಪತ್ತೆ ಮಾಡುವುದಕ್ಕೆ ಭೂತಗನ್ನಡಿ ಬೇಕು, ಇಳಿಬಿಸಿಲು ಬೇಕು, ಹೆಂಡತಿ ಮನೆಯಲ್ಲಿರಬಾರದು. ಈಗ ನನ್ನ ಮೇಜಿನ ಮೇಲೆ ಒಂದು ಇಸಿಸಿ83 ಇದೆ. ಹೆಬ್ಬೆರಳಿನಷ್ಟು ಗಾಜು, ಕೆಳಗೆ ಸೂಜಿಯಂಥ ಒಂಬತ್ತು ಕಡ್ಡಿ. ತಲೆಯ ಒಳಮೈಯಲ್ಲಿ ಕನ್ನಡಿಯ ಹಾಗೆ ಹೊಳೆಯುವ ಬೆಳ್ಳಿಬಣ್ಣದ ಲೇಪ. ಒಳಗೆ ಅಳಿದುಳಿದ ಗಾಳಿಯನ್ನು ಹೀರಿಕೊಳ್ಳುವುದು ಅದರ ಕೆಲಸ. ಅದು ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಗಾಜು ಎಲ್ಲೋ ಸೀಳಿ ಗಾಳಿ ಹೊಕ್ಕಿದೆ ಎಂದು ಅರ್ಥ. ಬ್ರ್ಯಾಂಡು ಯಾವುದೇ ಇರಲಿ, ಅದನ್ನು ಕಸಕ್ಕೆ ಹಾಕಬಹುದು. ಪಕ್ಕದಲ್ಲಿ ಬಿಳಿ ಬಣ್ಣದಲ್ಲಿ ಕಂಪನಿಯ ಹೆಸರು. ಈ ಹೆಸರು ಎಷ್ಟು ದುರ್ಬಲವೆಂದರೆ ಬೆವರಿದ ಹೆಬ್ಬೆರಳು ಎರಡು ಸಲ ಉಜ್ಜಿದರೆ ಅಳಿಸಿಹೋಗುತ್ತದೆ. ಅಳಿಸುವುದು ಇಷ್ಟು ಸುಲಭವಾದರೆ ಬರೆಯುವುದೂ ಸುಲಭವೇ. ನಕಲಿ ಮಾಡುವವರು ಮಾಡುವುದು ಅದನ್ನೇ.

ಅಳಿಸಲಾಗದ್ದು ಕೆಳಗಿದೆ. ಕಡ್ಡಿಗಳಿಗೆ ಸ್ವಲ್ಪ ಮೇಲೆ, ಗಾಜಿನ ಮೇಲೆಯೇ ಬೂದುಬಣ್ಣದಲ್ಲಿ ಎರಡು ಸಾಲು ಕೊರೆದ ಸಂಕೇತ. ಫಿಲಿಪ್ಸ್ ಬಳಗದ ಕಾರ್ಖಾನೆಗಳೆಲ್ಲ ಹಾಕುತ್ತಿದ್ದ ಗುರುತು ಇದು. ಮೇಲಿನ ಸಾಲು ವಾಲ್ವ್‌ನ ಜಾತಿ. ಕೆಳಗಿನ ಸಾಲಿನ ಮೊದಲ ಅಕ್ಷರ ಕಾರ್ಖಾನೆ: ಬಿ ಇದ್ದರೆ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್, ಪುಟ್ಟ ತ್ರಿಕೋನ ಇದ್ದರೆ ಹಾಲೆಂಡಿನ ಹೇರ್ಲೆನ್, ಡಿ ಇದ್ದರೆ ಜರ್ಮನಿಯ ಹ್ಯಾಂಬರ್ಗ್. ಆಮೇಲೆ ವರ್ಷ, ತಿಂಗಳು, ವಾರ. ವರ್ಷಕ್ಕೆ ಕೊಟ್ಟಿರುವುದು ಒಂದೇ ಅಂಕಿ. 2 ಎಂದಿದ್ದರೆ 1962ರದೋ 1972ರದೋ ಎಂಬುದು ಓದುವವನ ಪುಣ್ಯ. ಈ ಒಂದು ಅಂಕಿಯ ಮೇಲೆ ಸ್ನೇಹಗಳು ಮುರಿದದ್ದನ್ನು ನಾನು ಬಲ್ಲೆ. ಜರ್ಮನಿಯ ಟೆಲಿಫಂಕನ್‌ನವರದು ಇನ್ನೂ ಗಟ್ಟಿ ಉಪಾಯ. ಒಂಬತ್ತು ಕಡ್ಡಿಗಳ ನಡುವೆ, ತಳದ ಗಾಜಿನಲ್ಲೇ ಅಚ್ಚೊತ್ತಿದ ವಜ್ರಾಕಾರ. ಗಾಜು ಕರಗಿದಾಗಲೇ ಮೂಡಿದ್ದು. ಆಮೇಲೆ ಬಣ್ಣ ಬಳಿದು ತರುವಂಥದ್ದಲ್ಲ.

ಭೂತಗನ್ನಡಿ ಹಿಡಿದು ಕೂತವನಿಗೆ ಕಾಣುವ ಇನ್ನೊಂದು ಸಂಗತಿ ಇದೆ. ಆ ಸುವರ್ಣಯುಗದಲ್ಲೂ ಕಂಪನಿಗಳು ಒಬ್ಬರಿಂದ ಒಬ್ಬರು ವಾಲ್ವ್ ಕೊಂಡು ತಮ್ಮ ಹೆಸರು ಹಾಕಿ ಮಾರುತ್ತಿದ್ದವು. ಅಮೆರಿಕದ ಕಂಪನಿಯ ಡಬ್ಬಿಯೊಳಗೆ ಇಂಗ್ಲೆಂಡಿನ ಗಾಜು, ಇಂಗ್ಲೆಂಡಿನ ಹೆಸರಿನ ಕೆಳಗೆ ಹಾಲೆಂಡಿನ ತ್ರಿಕೋನ. ಆರ್ಡರು ತುಂಬಬೇಕು, ತಮ್ಮ ಕಾರ್ಖಾನೆಯಲ್ಲಿ ಆ ಬಗೆಯದು ಆ ತಿಂಗಳು ಆಗಿಲ್ಲ, ಪಕ್ಕದವರಲ್ಲಿ ಇದೆ. ಅಷ್ಟೇ ಲೆಕ್ಕ. ಅವರಿಗೆ ವಾಲ್ವ್ ಎಂದರೆ ಉರಿದು ಸವೆದು ಬದಲಾಯಿಸುವ ಸಾಮಾನು. ಅರವತ್ತು ವರ್ಷದ ಮೇಲೆ ಬೆಂಗಳೂರಿನಲ್ಲಿ ಒಬ್ಬ ಇದನ್ನು ಭೂತಗನ್ನಡಿಯಲ್ಲಿ ನೋಡುತ್ತಾನೆ ಎಂದು ಅವರಿಗೆ ಯಾರು ಹೇಳಬೇಕಿತ್ತು?

ಬೆಂಗಳೂರು ಎಂದ ಮೇಲೆ ಜಾಲಹಳ್ಳಿಯನ್ನು ಬಿಡುವ ಹಾಗಿಲ್ಲ. ಭಾರತ್ ಎಲೆಕ್ಟ್ರಾನಿಕ್ಸ್, ನಮ್ಮೆಲ್ಲರ ಬಿಇಎಲ್, 1954ರಲ್ಲಿ ರಕ್ಷಣಾ ಇಲಾಖೆಯ ಅಡಿಯಲ್ಲಿ ಹುಟ್ಟಿತು. ಅಲ್ಲಿ 1961ರಲ್ಲಿ ರೇಡಿಯೊ ವಾಲ್ವ್‌ಗಳ ತಯಾರಿಕೆ ಶುರುವಾಯಿತು. ಕಲಿಸಿಕೊಟ್ಟವರು ಯಾರು? ಅದೇ ಹಾಲೆಂಡಿನ ಫಿಲಿಪ್ಸ್. ಅಂದರೆ ಬ್ಲ್ಯಾಕ್‌ಬರ್ನ್‌ಗೂ ಹೇರ್ಲೆನ್‌ಗೂ ಜಾಲಹಳ್ಳಿಗೂ ಒಬ್ಬರೇ ಗುರು. ದೇಶದ ಎಷ್ಟೋ ರೇಡಿಯೊಗಳಲ್ಲಿ ವಿವಿಧಭಾರತಿ ಹಾಡಿಸಿದ್ದು ಅಲ್ಲಿನ ಗಾಜು. ಎಸ್.ಪಿ. ರೋಡಿನ ಹಳೆಯ ಅಂಗಡಿಗಳ ಅಟ್ಟದಲ್ಲಿ ಧೂಳು ತಿನ್ನುತ್ತಿದ್ದ ಆ ಡಬ್ಬಿಗಳನ್ನು ಒಂದು ಕಾಲಕ್ಕೆ ಕೇಳುವವರಿರಲಿಲ್ಲ. 'ಲೋಕಲ್ ಮಾಲು ಸಾರ್, ಬೇಕಿದ್ರೆ ತಗೊಳ್ಳಿ' ಎಂದು ಬಿಡಿಗಾಸಿಗೆ ಕೊಡುತ್ತಿದ್ದರು. ಈಗ ಅದೇ ಬಿಇಎಲ್‌ನ ಇಎಲ್84 ಹೊರದೇಶದ ಅಂಗಡಿಗಳಲ್ಲಿ 'ಭಾರತದ್ದು, ಹಳೆಯ ದಾಸ್ತಾನು, ಬಳಸದ್ದು' ಎಂಬ ವಿಶೇಷಣ ಹೊತ್ತು ಮಾರಾಟಕ್ಕಿದೆ. ಅದನ್ನು ನೋಡಿದ ಮೇಲೆ ನಮ್ಮವರ ದನಿಯೂ ತಗ್ಗಿದೆ: 'ಬಿಇಎಲ್ ಇದೆಯಾ ಸಾರ್ ನಿಮ್ಮ ಹತ್ರ? ಅಸಲಿ?' ನಮ್ಮೂರ ದೇವರಿಗೆ ಪರದೇಶದವರು ಕೈಮುಗಿದ ಮೇಲೆ ನಾವು ಚಪ್ಪಲಿ ಬಿಡುವವರು.

ಇಷ್ಟೆಲ್ಲ ಮೂಲಶೋಧನೆಯಾಗಿ, ಸೆಟ್ಟು ಬಾಳಿಕೆ ಬರುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತೇ? ಇಲ್ಲ. ಅದಕ್ಕೆ ಬೇರೆ ಕಡೆ ನೋಡಬೇಕು. ನನಗೆ ಅದನ್ನು ಕಲಿಸಿದವರು ರೇಡಿಯೊ ರಿಪೇರಿಯಲ್ಲೇ ಆಯುಷ್ಯ ಕಳೆದ ಒಬ್ಬ ಯಜಮಾನರು. ಅವರ ಮುಂದೆ ಸೆಟ್ಟು ಇಟ್ಟು ಇದು ಇಂಥ ದೇಶದ್ದು, ಇಂಥ ಪತ್ರಿಕೆಯಲ್ಲಿ ಇಂಥ ಬಹುಮಾನ ಬಂದದ್ದು ಎಂದು ನಾನು ಶುರುಮಾಡಿದರೆ ಅವರು ಕೈಯೆತ್ತಿ ತಡೆಯುತ್ತಿದ್ದರು. 'ಬೋರ್ಡು ಓದೋದು ಬಿಡಿ ಸ್ವಾಮಿ, ತಳ ತೋರ್ಸಿ.'

ತಳದ ತಗಡು ಬಿಚ್ಚಿದರೆ ಅವರು ಮೊದಲು ನೋಡುತ್ತಿದ್ದದ್ದು ಕಂಡೆನ್ಸರ್. ಎಷ್ಟು ವೋಲ್ಟಿನದು, ಎಲ್ಲಿ ಕೂತಿದೆ. ಬಿಸಿ ವಾಲ್ವ್‌ನ ಮಗ್ಗುಲಲ್ಲೇ ಕಂಡೆನ್ಸರ್ ಕೂರಿಸಿದ್ದರೆ 'ಇವನಿಗೆ ಮನೆಯಲ್ಲಿ ಒಲೆ ಕಂಡಿಲ್ಲ' ಎನ್ನುತ್ತಿದ್ದರು. ಒಳಗಿನ ರಸ ಒಣಗಿ ಅದು ಬೇಗ ಸಾಯುತ್ತದೆ. ಆಮೇಲೆ ವಾಲ್ವ್ ಸಾಕೆಟ್. ದಪ್ಪ ವಾಲ್ವ್‌ಗಳ ಸಾಕೆಟ್ಟನ್ನು ತೆಳ್ಳನೆ ಸರ್ಕ್ಯೂಟ್ ಬೋರ್ಡಿಗೇ ಬೆಸೆದಿದ್ದರೆ, ಶಾಖಕ್ಕೆ ಬೋರ್ಡು ಸುತ್ತಲೂ ಕಂದುಬಣ್ಣಕ್ಕೆ ತಿರುಗುತ್ತದೆ, ವಾಲ್ವ್ ಕೀಳುವಾಗ ಹಾಕುವಾಗ ಬೆಸುಗೆ ಬಿರುಕು ಬಿಡುತ್ತದೆ. ಲೋಹದ ಚಾಸಿಗೆ ಸಾಕೆಟ್ ಬಿಗಿದು ತಂತಿಯಲ್ಲಿ ಜೋಡಿಸಿದ್ದರೆ ಅವರ ಮುಖ ಅರಳುತ್ತಿತ್ತು. ಮೂರನೆಯದು ಟ್ರಾನ್ಸ್‌ಫಾರ್ಮರ್. ಒಂದು ಗಂಟೆ ಹಾಡಿಸಿ ಅದರ ಮೇಲೆ ಅಂಗೈ ಇಡುವುದು. ಕೈ ಇಡಲಾಗದಷ್ಟು ಸುಡುತ್ತಿದ್ದರೆ ತಾಮ್ರದಲ್ಲೂ ಕಬ್ಬಿಣದಲ್ಲೂ ಉಳಿತಾಯ ಮಾಡಿದ್ದಾರೆ ಎಂದರ್ಥ. ವಾಲ್ವ್ ಸೆಟ್ಟಿನಲ್ಲಿ ದುಡ್ಡು ಇರುವುದೇ ಟ್ರಾನ್ಸ್‌ಫಾರ್ಮರಿನಲ್ಲಿ. ವಾಲ್ವ್ ಕೆಟ್ಟರೆ ಇನ್ನೊಂದು ಹಾಕಬಹುದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಸೆಟ್ಟು ಸೆಟ್ಟಾಗಿ ಉಳಿಯುವುದಿಲ್ಲ. ಪೋಲೆಂಡಿನ ಫೆಜ್ ಆಡಿಯೊ ಬಗ್ಗೆ ನನಗೆ ಮೊದಲಿನಿಂದಲೂ ವಿಶ್ವಾಸ ಇರುವುದು ಈ ಕಾರಣಕ್ಕೆ. ಅವರ ಒಡಹುಟ್ಟಿದ ಕಂಪನಿಯ ಕಸುಬೇ ಟ್ರಾನ್ಸ್‌ಫಾರ್ಮರ್ ಸುತ್ತುವುದು.

ನಮ್ಮ ಕರೆಂಟಿನ ಲೆಕ್ಕ ಇನ್ನೊಂದು. ಚೀನಾದ ಮನೆಗಳಲ್ಲಿ 220 ವೋಲ್ಟ್. ನಮ್ಮಲ್ಲಿ ಕಾಗದದ ಮೇಲೆ 230. ರಾತ್ರಿ ಹನ್ನೊಂದರ ಮೇಲೆ, ಪಕ್ಕದ ಗಿರಣಿ ನಿಂತ ಮೇಲೆ, 245 ತೋರಿಸುವುದು ಅಪರೂಪವಲ್ಲ. 220ಕ್ಕೆಂದು ಸುತ್ತಿದ ಟ್ರಾನ್ಸ್‌ಫಾರ್ಮರಿಗೆ 245 ಕೊಟ್ಟರೆ ವಾಲ್ವ್‌ನ ಫಿಲಮೆಂಟಿಗೆ 6.3 ವೋಲ್ಟಿನ ಬದಲು 7 ಹೋಗುತ್ತದೆ, ಅದರ ಆಯುಸ್ಸು ಅಷ್ಟಕ್ಕಷ್ಟೆ. 440 ವೋಲ್ಟ್ ಇರಬೇಕಾದ ಕಡೆ 490 ಬಂದು ಕೂರುತ್ತದೆ. ಅಲ್ಲಿ 450 ವೋಲ್ಟಿನ ಕಂಡೆನ್ಸರ್ ಹಾಕಿದ್ದರೆ ಒಂದು ದಿನ ಪಟಾಕಿ. ತಪ್ಪು ಕಂಪನಿಯದೋ, ಸರಬರಾಜಿನದೋ? ಎರಡೂ ಕಡೆಯವರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ. ಒಳ್ಳೆಯ ತಯಾರಕ ಮಾಡುವುದೇನೆಂದರೆ, ಟ್ರಾನ್ಸ್‌ಫಾರ್ಮರಿಗೆ 240ರ ಇನ್ನೊಂದು ತಂತಿ ಹೊರಗೆ ತೆಗೆದಿಟ್ಟಿರುತ್ತಾನೆ. ನಮ್ಮಂಥ ಊರುಗಳೂ ಭೂಪಟದಲ್ಲಿವೆ ಎಂದು ನೆನಪಿಟ್ಟವನು ಅವನು.

ಅಮೆರಿಕದಿಂದ ಬರುವ ನೆಂಟರು ಸೂಟ್‌ಕೇಸಿನಲ್ಲಿ ತರುವ ಸೆಟ್ಟುಗಳದು ಇನ್ನೊಂದು ತಾಪತ್ರಯ. ಅಲ್ಲಿ 120 ವೋಲ್ಟ್ ಎಂಬುದು ಎಲ್ಲರಿಗೂ ಗೊತ್ತು, ಅದಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಸಿಗುತ್ತದೆ. ಆದರೆ ಅಲ್ಲಿನ ಕರೆಂಟು ಸೆಕೆಂಡಿಗೆ 60 ಸಲ ತಿರುಗುವಂಥದ್ದು, ನಮ್ಮದು 50. ಸ್ಟೆಪ್‌ಡೌನ್ ವೋಲ್ಟೇಜು ಇಳಿಸಬಲ್ಲದು, ಸೆಕೆಂಡಿಗೆ ತಿರುಗುವ ಲೆಕ್ಕವನ್ನು ಏರಿಸಲಾರದು. 60ಕ್ಕೆ ಮಾತ್ರವೆಂದು ಕಬ್ಬಿಣ ಲೆಕ್ಕಹಾಕಿ ಮಾಡಿದ ಟ್ರಾನ್ಸ್‌ಫಾರ್ಮರ್ ನಮ್ಮಲ್ಲಿ ಗುಂಯ್‌ಗುಡುತ್ತ ಕಾದುಬಿಡುತ್ತದೆ. ಹಿಂಬದಿಯ ತಗಡಿನಲ್ಲಿ 50/60 ಎಂದು ಬರೆದಿದ್ದರೆ ಧೈರ್ಯ. ಬರೀ 60 ಎಂದಿದ್ದರೆ ಅದು ಎಷ್ಟೇ ಕುಲೀನ ಬ್ರ್ಯಾಂಡಾದರೂ ನಮ್ಮ ಮನೆಗೆ ಬಂದ ಮೇಲೆ ರೋಗಿಷ್ಠ.

ಬಾಳಿಕೆಗೆ ಹೆಸರಾದ ಸೆಟ್ಟು ಒಂದನ್ನು ಹೇಳು ಎಂದರೆ ನಾನು ಹೇಳುವುದು ದುಬಾರಿಯದನ್ನಲ್ಲ. ಅಮೆರಿಕದ ಫಿಲಡೆಲ್ಫಿಯಾದ ಡೈನಾಕೊ ಕಂಪನಿಯ ಡೇವಿಡ್ ಹಾಫ್ಲರ್ 1959ರಲ್ಲಿ ಸ್ಟೀರಿಯೊ 70 ಎಂಬುದನ್ನು ತಂದರು. ಬಿಡಿಭಾಗಗಳ ಪೊಟ್ಟಣ ಕೊಂಡು ಮನೆಯಲ್ಲೇ ಜೋಡಿಸಿಕೊಂಡರೆ ಬೆಲೆ 99 ಡಾಲರ್ 95 ಸೆಂಟ್. ಜೋಡಿಸುವ ವಿಧಾನವನ್ನು ತಂತಿ ತಂತಿಗೆ ವಿವರಿಸುವ ಪುಸ್ತಕ ಜೊತೆಗೆ. ಲಕ್ಷಗಟ್ಟಲೆ ಮಾರಾಟವಾಯಿತು. ಅದರಲ್ಲಿ ದೋಷಗಳಿಲ್ಲವೇ? ಇವೆ. ಅದರ ಪವರ್ ಟ್ರಾನ್ಸ್‌ಫಾರ್ಮರ್ ಬಿಸಿಯಾಗುತ್ತದೆ. ನಾಲ್ಕು ಇಎಲ್34 ವಾಲ್ವ್‌ಗಳ ಫಿಲಮೆಂಟ್ ಕಾಯಿಸುವುದಕ್ಕೇ 38 ವಾಟ್ ಬೇಕು, ಹಾಡು ಶುರುವಾಗುವ ಮೊದಲೇ. ಅದಕ್ಕಿಂತ ದೊಡ್ಡ ತೊಡಕು 7199 ಎಂಬ ಸಣ್ಣ ವಾಲ್ವ್. ಅದು ಈಗ ಸಿಗುವುದು ಕಷ್ಟ, ಸಿಕ್ಕರೂ ಕೈಸುಡುವ ಬೆಲೆ. ಆದರೂ ಆ ಸೆಟ್ಟುಗಳು ಅರವತ್ತು ವರ್ಷ ದಾಟಿ ಹಾಡುತ್ತಿವೆ. ನಕ್ಷೆ ಬಟ್ಟಂಬಯಲಾಗಿದೆ. 7199 ಜಾಗದಲ್ಲಿ ಬೇರೆ ವಾಲ್ವ್ ಕೂರಿಸುವ ಬೋರ್ಡುಗಳನ್ನು ಹತ್ತಾರು ಜನ ಮಾಡುತ್ತಾರೆ, ಅದರ ಟ್ರಾನ್ಸ್‌ಫಾರ್ಮರಿನ ನಕಲನ್ನು ಹೊಸದಾಗಿ ಸುತ್ತಿಕೊಡುತ್ತಾರೆ. ಡೈನಾಕೊ ಕಂಪನಿ ಕೈಬದಲಾಯಿಸಿ ಹೆಸರಷ್ಟೇ ಉಳಿದರೂ ಸೆಟ್ಟು ಅನಾಥವಾಗಲಿಲ್ಲ. ಮಹಾ ಗೌಪ್ಯದ ಸರ್ಕ್ಯೂಟ್ ಎಂದು ಚಿಪ್ಪಿನ ಮೇಲಿನ ನಂಬರುಗಳನ್ನು ಕೆರೆದು ಮಾರುವ ಕಂಪನಿಗಳ ಸೆಟ್ಟು, ಆ ಕಂಪನಿ ಮುಚ್ಚಿದ ದಿನವೇ ಅಲಂಕಾರದ ವಸ್ತು.

ನಮ್ಮ ಕಡೆಯ ಮೈಕ್‌ಸೆಟ್ಟಿನವರಿಗೆ ಇದೆಲ್ಲ ಯಾರೂ ಹೇಳಿಕೊಡಬೇಕಿರಲಿಲ್ಲ. ಜಾತ್ರೆ, ಮದುವೆ, ರಾತ್ರಿಯಿಡೀ ಬಯಲಾಟ. ಒಂದು ದಿನ ಮೆಟ್ಟಿಲು ಮೆಟ್ಟಿಲಾಗಿ ಏರಿಳಿಯುವ ಜನರೇಟರ್ ಕರೆಂಟು, ಮರುದಿನ ಎತ್ತಿನಗಾಡಿಯ ಕುಲುಕಾಟ, ಅದರ ಮರುದಿನ ಮಳೆ. ದಿಲ್ಲಿಯ ಅಹುಜಾದವರ ವಾಲ್ವ್ ಆಂಪ್ಲಿಫೈಯರ್ ಈ ಎಲ್ಲವನ್ನೂ ತಾಳಿಕೊಂಡು ಹೆಸರು ಮಾಡಿತು. ಅದರ ನಾದ ಮಧುರ ಎಂದು ಯಾರೂ ಹೊಗಳಿದ್ದಿಲ್ಲ. ಭಾಗವತರ ದನಿ ಕೆರೆಯಾಚೆಗೆ ಕೇಳಿದರೆ ಸಾಕು. ನಡುರಾತ್ರಿ ವಾಲ್ವ್ ಸತ್ತರೆ ಬೀಡಿ ಕಚ್ಚಿಕೊಂಡೇ ಅಂಗಿ ಜೇಬಿನಿಂದ ಇನ್ನೊಂದು ತೆಗೆದು ಹಾಕುತ್ತಿದ್ದರು. ಜೇಬಿನಲ್ಲಿರುವ ವಾಲ್ವ್ ಹಿಡಿಸುವ ಸೆಟ್ಟೇ ಅವರ ಪಾಲಿಗೆ ಒಳ್ಳೆಯ ಬ್ರ್ಯಾಂಡು. ಅವರಿಗೆ ವಿಮರ್ಶೆ ಬರೆಯಲು ಬರುತ್ತಿದ್ದರೆ ನಮ್ಮ ಪತ್ರಿಕೆಗಳು ಎಷ್ಟೋ ಕಾಗದ ಉಳಿಸಬಹುದಿತ್ತು.

ಈಗ ಯಾರಾದರೂ ನನ್ನನ್ನು ವಾಲ್ವ್ ಸೆಟ್ಟು ಕೊಳ್ಳಲು ಜೊತೆಗೆ ಬಾ ಎಂದರೆ ನಾನು ಅಂಗಡಿಯವನನ್ನು ಕೇಳುವುದು ಮೂರೇ ಮಾತು. ನಕ್ಷೆ ಕೊಡುತ್ತೀರಾ? ಇದರ ವಾಲ್ವ್‌ಗಳು ಇನ್ನೊಂದು ಕಂಪನಿಯದೂ ಹಿಡಿಸುತ್ತವೆಯೇ? ಟ್ರಾನ್ಸ್‌ಫಾರ್ಮರ್ ಸುಟ್ಟರೆ ಬಿಡಿಯಾಗಿ ಸಿಗುತ್ತದೆಯೇ, ಎಷ್ಟಕ್ಕೆ? ಮೂರಕ್ಕೂ ನೆಟ್ಟಗೆ ಉತ್ತರ ಬಂದರೆ ಅದು ಸರಾತೋವ್‌ನದೋ ಚೀನಾದ ಷೆನ್‌ಜೆನ್‌ನದೋ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ಉತ್ತರದ ಬದಲು ಜರ್ಮನ್ ಎಂಜಿನಿಯರಿಂಗ್, ಜಪಾನಿ ಶಿಸ್ತು, ಇಟಾಲಿಯನ್ ಆತ್ಮ ಎಂದು ಮಾತು ಬೇರೆಡೆಗೆ ಹೊರಳಿದರೆ ಕಾಫಿ ಕುಡಿದು ಎದ್ದು ಬರುತ್ತೇನೆ. ನೀವೂ ಹಾಗೆಯೇ ಮಾಡಿ. ತಳ ತೋರಿಸಲು ಒಪ್ಪಿದರೆ ಬಿಚ್ಚಿ ನೋಡಿ. ಆದರೆ ಪ್ಲಗ್ ಕಿತ್ತ ಕೂಡಲೇ ಕೈಹಾಕಬೇಡಿ. ಸ್ವಿಚ್ ಆರಿಸಿದ ಮೇಲೂ ಕಂಡೆನ್ಸರಿನಲ್ಲಿ ನಾನೂರು ಚಿಲ್ಲರೆ ವೋಲ್ಟ್ ಕಾದಿರುತ್ತದೆ, ಅಸಲಿಯದರಲ್ಲೂ, ನಕಲಿಯದರಲ್ಲೂ. ಮೀಟರ್ ಹಿಡಿದು ಅದು ಇಳಿದಿದೆ ಎಂದು ಖಾತ್ರಿಯಾದ ಮೇಲೆ ಕಣ್ಣಿಗೆ ಕನ್ನಡಕ ಏರಿಸಿ.